ಹನ್ನೆರಡು ಹಾಸಿಗೆ, ಒಂದು ನಿದ್ದೆ

ಹಾಸಿಗೆಯಣ್ಣನಿಗೆ ನಿದ್ದೆ ಬರಲು ಹಾಸಿಗೆಯೇ ಬೇಕು ಅಂತೇನೂ ಇರಲಿಲ್ಲ. ನಿಂತಲ್ಲಿ ಬರುತ್ತಿತ್ತು, ಕೂತಲ್ಲಿ ಬರುತ್ತಿತ್ತು, ಹೆಂಡತಿ ಬೈಯುವಾಗಂತೂ ತಪ್ಪದೆ ಬರುತ್ತಿತ್ತು. ಒಮ್ಮೆ ಸೈಕಲ್ ತುಳಿಯುವಾಗಲೇ ಬಂದುಬಿಟ್ಟಿತ್ತು. ಸೈಕಲ್ಲಿಗೆ ದಾರಿ ಗೊತ್ತಿದ್ದುದರಿಂದ ಪಾಪ ಅದೇ ಮನೆಗೆ ತಂದು ಗೋಡೆಗೆ ಒರಗಿಸಿತಂತೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕಸುಬು ಹಾಸಿಗೆ ಹೊಲಿಯುವುದು. ಬಿಲ್ಲಿನ ದಾರ ಮಿಡಿದು ಹತ್ತಿ ಎಕ್ಕಿ ಅರಳಿಸಿ, ಬಟ್ಟೆಯೊಳಗೆ ತುಂಬಿ, ಗೇಣುದ್ದದ ದಬ್ಬಳದಿಂದ ಚುಚ್ಚಿ ಚುಚ್ಚಿ ಗಂಟು ಹಾಕಿದರೆ ಹಾಸಿಗೆ ಸಿದ್ಧ. ಬೇರೆಯವರಾದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಹಾಸಿಗೆಯಣ್ಣನಿಗೆ ಇನ್ನೊಂದು ಕೆಲಸ ಬಾಕಿ ಇರುತ್ತಿತ್ತು. ಹಾಸಿಗೆಯನ್ನು ಗಿರಾಕಿಯ ಮನೆಗೆ ಹೊತ್ತು, ಅವರ ಮಂಚದ ಮೇಲೆ ಹಾಸಿ, ತಾನೇ ಮಲಗಿ ನೂರರ ತನಕ ಎಣಿಸಬೇಕು. ಎಲ್ಲಾದರೂ ಗಂಟು ಚುಚ್ಚಿದರೆ ಅಲ್ಲೇ ಬಿಚ್ಚಿ ಹೊಲಿಯಬೇಕು. ಹೊಲಿದ ಜಾಗದಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ, ಹಾಸಿದ ಜಾಗದಲ್ಲೇ ನೋಡಬೇಕು ಅನ್ನುವುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಅಪ್ಪ ನೂರು ಎಣಿಸಿ ಎದ್ದು ಬರುತ್ತಿದ್ದ. ಮಗ ನೂರು ಮುಟ್ಟಿದ್ದನ್ನು ಕಂಡವರು ಊರಿನಲ್ಲಿ ಇಲ್ಲ. ಗಿರಾಕಿಗಳೇ ಸಂಜೆ ಎಬ್ಬಿಸಿ, ಟೀ ಕೊಟ್ಟು ಕಳಿಸುತ್ತಿದ್ದರು.

ಇಂಥವನು ಟೀಚರಮ್ಮನ ಮನೆಯ ಸಭೆಗೆ ಹೋದದ್ದೇ ತಪ್ಪು.

ಟೀಚರಮ್ಮ ಅಂದರೆ ರಿಟೈರಾಗಿ ಹನ್ನೊಂದು ವರ್ಷವಾದರೂ ಬೀದಿಯನ್ನು ಇನ್ನೂ ತರಗತಿ ಅಂದುಕೊಂಡಿದ್ದವರು. ಆಸ್ಪತ್ರೆಗಾಗಿ ಒಂದು ಬಿಸ್ಕತ್ತಿನ ಡಬ್ಬಿಗೆ ಮೇಲೆ ಸೀಳು ಮಾಡಿಸಿ, ಮೂರು ವಾರದಿಂದ ಬೀದಿಯೆಲ್ಲ ತಿರುಗಿದ್ದರು. ಮೂಳೆ ಮುರಿದವರ ವಾರ್ಡಿನಲ್ಲಿ ಹನ್ನೆರಡು ಮಂಚ. ಹಳೆಯ ಹಾಸಿಗೆಗಳಲ್ಲಿ ಹಾಸಿಗೆಗಿಂತ ತಿಗಣೆಯೇ ಹೆಚ್ಚಾಗಿ, ಎಲ್ಲವನ್ನೂ ಸುಟ್ಟಿದ್ದರು. ಈಗ ರೋಗಿಗಳು ಹೊರಗಿನ ವರಾಂಡದಲ್ಲಿ ಮರದ ಬೆಂಚಿನ ಮೇಲಿದ್ದರು.

"ಸೋಮವಾರ ದೊಡ್ಡ ಆಫೀಸಿನಿಂದ ಸಾಹೇಬ್ರು ಬರ್ತಾರೆ," ಎಂದರು ಟೀಚರಮ್ಮ, ಕನ್ನಡಕದ ಮೇಲಿಂದ ಎಲ್ಲರನ್ನೂ ನೋಡುತ್ತ. "ಹನ್ನೆರಡು ಮಂಚಕ್ಕೂ ಹಾಸಿಗೆ ಇದ್ರೆ ವಾರ್ಡು ಉಳಿಯತ್ತೆ. ಇಲ್ದಿದ್ರೆ ಆ ರೂಮಿಗೆ ಹಳೇ ಫೈಲು ತುಂಬಿಸ್ತಾರಂತೆ. ಆಮೇಲೆ ಕಾಲು ಮುರ್ಕೊಂಡೋರು ಮೂವತ್ತು ಮೈಲಿ ಆಚೆ ಹೋಗ್ಬೇಕು."

"ಕಾಲು ಮುರ್ಕೊಂಡು ಹೋಗೋದಾದ್ರೂ ಹೇಗೆ?" ಎಂದ ಗಡಿಯಾರ ರಿಪೇರಿಯವನು.

"ಅದನ್ನೇ ನಾನು ಕೇಳ್ತಿರೋದು! ಡಬ್ಬಿಗೆ ಏನು ಹಾಕಿದ್ರಿ ನೀವೆಲ್ಲ? ನೋಡಿ!"

ಡಬ್ಬಿ ಬೋರಲು ಹಾಕಿದರು. ಒಂದಿಷ್ಟು ನೋಟು, ಚಿಲ್ಲರೆ, ನಾಲ್ಕು ಷರ್ಟಿನ ಗುಂಡಿ, ಎಲ್ಲಿಯದೋ ಒಂದು ಬೀಗದ ಕೈ, ಮತ್ತು 'ಮುಂದಿನ ತಿಂಗಳು ನೋಡೋಣ' ಎಂದು ಬರೆದ ಚೀಟಿ ಬಿದ್ದವು. ಚೀಟಿಯ ಅಕ್ಷರ ನೋಡಿ ಎಲ್ಲರೂ ಕಟಿಂಗ್ ಶಾಪಿನವನ ಕಡೆ ತಿರುಗಿದರು.

"ನನ್ನನ್ಯಾಕ್ರೀ ನೋಡ್ತೀರಾ?" ಅವನು ರೇಗಿದ. "ನಾನೇನು ಕಾಲು ಮುರ್ಕೊಳ್ಳೋನಾ? ನಾನು ನೋಡ್ಕೊಂಡು ನಡಿಯೋನು. ನಾನು ಮಲಗದ ಹಾಸಿಗೆಗೆ ನಾನ್ಯಾಕೆ ಕೊಡ್ಲಿ?"

ಬೇಕರಿಯವನೂ ಅವನ ಹೆಂಡತಿಯೂ ಬೇರೆ ಬೇರೆ ಕಡೆಗೆ ನೋಡುತ್ತ ಒಟ್ಟಿಗೆ ತಲೆಯಾಡಿಸಿದರು. ಬೀದಿಯ ಒಳಮನಸ್ಸು ಅದೇ ಆಗಿತ್ತು. ಕಟಿಂಗ್ ಶಾಪಿನವನು ಬಾಯಿಬಿಟ್ಟು ಹೇಳಿದ, ಉಳಿದವರು ಮರ್ಯಾದೆಯಾಗಿ ಸುಮ್ಮನಿದ್ದರು, ಅಷ್ಟೇ ವ್ಯತ್ಯಾಸ.

"ಇಷ್ಟರಲ್ಲಿ ನಾಲ್ಕು ಹಾಸಿಗೆ ಆಗ್ಬಹುದು," ಎಂದು ಟೀಚರಮ್ಮ ನಿಟ್ಟುಸಿರಿಟ್ಟರು. "ಇನ್ನೆಂಟು ಯಾರು ಕೊಡ್ತೀರಿ?"

ಹಾಸಿಗೆಯಣ್ಣ ಮೂಲೆಯ ಕುರ್ಚಿಯಲ್ಲಿ ಅರ್ಧ ಈ ಲೋಕದಲ್ಲಿ, ಅರ್ಧ ಆ ಲೋಕದಲ್ಲಿದ್ದ. ಆ ಲೋಕದಲ್ಲಿ ಅವನೊಬ್ಬ ರಾಜ. ಮನೆಯ ತುಂಬ ಹತ್ತಿ, ಬಾಗಿಲಲ್ಲಿ ಹತ್ತಿ, ಮೋಡವೆಲ್ಲ ಅವನ ಗೋದಾಮು. ಯಾರೋ ಹೆಂಗಸು ಕೈಚಾಚಿ ಹಾಸಿಗೆ ಬೇಡುತ್ತಿದ್ದಾಳೆ. ರಾಜನಾದವನು ಇಲ್ಲ ಅನ್ನುವುದಕ್ಕಾಗುತ್ತದೆಯೇ?

"ಹನ್ನೆರಡೂ ನಂದೇ!" ಎಂದು ಕೂಗಿ ಎದ್ದು ನಿಂತ.

ಚಪ್ಪಾಳೆಯೋ ಚಪ್ಪಾಳೆ. ಚಪ್ಪಾಳೆಯ ಸದ್ದಿಗೆ ಪೂರ್ತಿ ಎಚ್ಚರವಾಗಿ ನೋಡಿದರೆ, ನಲವತ್ತು ವರ್ಷದ ಹಿಂದೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಟೀಚರಮ್ಮನ ಕಣ್ಣಲ್ಲಿ ನೀರು. ದೊಡ್ಡ ಸಿಸ್ಟರ್, ಅಂದರೆ ಆ ವಾರ್ಡಿನ ಮುಖ್ಯ ನರ್ಸು, ಅವನ ಎರಡೂ ಕೈ ಹಿಡಿದುಕೊಂಡು, "ನೀವು ಮನುಷ್ಯರಲ್ಲ ಅಣ್ಣಾ," ಎಂದರು. ಹೊಗಳಿಕೆಯೇ ಅದು. ಹುಟ್ಟಿದಾಗಿನಿಂದ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ. ನಿದ್ದೆಗಣ್ಣಲ್ಲಿ ಹೇಳಿದೆ ಅನ್ನಲು ನಾಲಿಗೆ ಹೊರಳಲಿಲ್ಲ. ಮೀಸೆ ತಿರುವಿದ.

ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು. "ಹನ್ನೆರಡೂ ನಿಮ್ದಾ?"

"ಹೂಂ."

"ಹತ್ತಿ?"

"ಹತ್ತಿ... ಬರತ್ತೆ."

"ಎಲ್ಲಿಂದ ಬರತ್ರೀ? ಮೋಡದಿಂದ ಉದುರತ್ತಾ? ಅಂಗಡೀಲಿರೋದು ಒಂದೂವರೆ ಮೂಟೆ! ಆ ಬೆಂಚಿನ ಮೇಲೆ ಸೊಂಟ ಮುರ್ಕೊಂಡ ಅಜ್ಜಿ ಒಬ್ರಿದ್ದಾರೆ, ಗೊತ್ತಾ? ನಿನ್ನೆ ಬ್ರೆಡ್ಡು ಕೊಡೋಕೆ ಹೋಗಿದ್ದೆ. ರಾತ್ರಿಯೆಲ್ಲ ಬೆಂಚಿನ ಸಂದು ಎಣಿಸ್ತಾರಂತೆ. ಅವ್ರಿಗೆ ಮಾತು ಕೊಟ್ಟು ಬಂದಿದ್ದೀರಲ್ಲ, ಅದೇನು ನಿದ್ದೇಲಿ ಕೊಡೋ ಸಾಮಾನಾ?"

ಈ ಸಲ ಬೈಗುಳದ ನಡುವೆ ಅವನಿಗೆ ನಿದ್ದೆ ಬರಲಿಲ್ಲ. ಬೆಂಚಿನ ಸಂದು ಎಣಿಸುವ ಮುದುಕಿ ಕಣ್ಣಮುಂದೆ ನಿಂತಿದ್ದಳು. ಎಣಿಸಿ ಎಣಿಸಿಯೂ ನಿದ್ದೆ ಬಾರದವರು ಲೋಕದಲ್ಲಿದ್ದಾರೆ ಅನ್ನುವುದೇ ಅವನಿಗೆ ಹೊಸ ಸುದ್ದಿ.

ಮೂರು ದಿನ ಕೂತು ಹೊಲಿದ. ಡಬ್ಬಿಯ ಹಣದ ಹತ್ತಿ ಮುಗಿಯಿತು, ಅಂಗಡಿಯ ಹತ್ತಿ ಮುಗಿಯಿತು, ಕೊನೆಗೆ ಹೆಂಡತಿ ನೋಡದಿದ್ದಾಗ ತನ್ನ ದಿಂಬನ್ನೂ ಬಿಚ್ಚಿದ. ಏನು ಮಾಡಿದರೂ ಆರು ಏಳಾಗಲಿಲ್ಲ. ಶನಿವಾರ ಬೆಳಗ್ಗೆ ಆರನ್ನೂ ತಳ್ಳುಗಾಡಿಗೆ ಹೇರಿ ಆಸ್ಪತ್ರೆಗೆ ಹೊರಟ. ದೊಡ್ಡ ಸಿಸ್ಟರಿಗೆ ನಿಜ ಹೇಳಿಬಿಡಬೇಕು ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ.

ಸಿಸ್ಟರ್ ಗೇಟಿನಲ್ಲೇ ಸಿಕ್ಕರು, ಡ್ಯೂಟಿ ಮುಗಿಸಿ ಬಸ್ಸಿಗೆ ಓಡುತ್ತಿದ್ದರು. "ಬಂದ್ರಾ ಅಣ್ಣಾ? ಉಳಿದ ಆರು ಎರಡನೇ ಟ್ರಿಪ್ಪಾ? ಸರಿ ಸರಿ, ನೀವಿದ್ದೀರಲ್ಲ, ಇನ್ನು ನಂಗೇನು ಚಿಂತೆ! ಸೋಮವಾರ ಸಿಗ್ತೀನಿ!" ಎಂದವರೇ ಬಸ್ಸು ಹತ್ತಿಬಿಟ್ಟರು. ಬಾಯಿಪಾಠವೆಲ್ಲ ಬಾಯಲ್ಲೇ ಉಳಿಯಿತು.

ವಾರ್ಡು ಖಾಲಿ. ಹೊಸದಾಗಿ ಸುಣ್ಣ ಬಳಿದು, ನೆಲ ತೊಳೆದು, ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದರು. ಬಿಳಿ ಗೋಡೆ, ಬಿಳಿ ಬಿಸಿಲು. ಬಿಳಿ ಪರದೆಗಳು ಗಾಳಿಗೆ ಹೊಟ್ಟೆ ಉಬ್ಬಿಸಿ ಮತ್ತೆ ಮೆಲ್ಲಗೆ ಉಸಿರು ಬಿಡುತ್ತಿದ್ದವು. ಎಲ್ಲೋ ದೂರದಲ್ಲಿ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಇಂಥ ಕೋಣೆಗೆ ಕಲ್ಲನ್ನು ತಂದಿಟ್ಟರೆ ಕಲ್ಲೂ ಆಕಳಿಸುತ್ತದೆ.

ಆರು ಮಂಚಕ್ಕೆ ಆರು ಹಾಸಿಗೆ ಹಾಸಿದ. ಪದ್ಧತಿ ಬಿಡುವಂತಿಲ್ಲ. ಮೊದಲನೆಯದರ ಮೇಲೆ ಮಲಗಿ ಎಣಿಸಿದ. ಚಿಂತೆ ಕುಟುಕುತ್ತಿದ್ದರಿಂದ, ಕೇಳಿ ಆಶ್ಚರ್ಯಪಡಿ, ನೂರು ಮುಟ್ಟಿದ! ಎರಡನೆಯದೂ ನೂರು. ಮೂರು, ನಾಲ್ಕು, ಐದು, ಎಲ್ಲವೂ ನೂರು. ಅಪ್ಪನನ್ನು ನೆನೆದು ಹೆಮ್ಮೆಪಟ್ಟ. ಕಿಟಕಿಯ ಪಕ್ಕದ ಆರನೆಯದರ ಮೇಲೆ ಕಾಲು ಚಾಚಿದ. ಪರದೆ ಬಂದು ಕೆನ್ನೆ ಸವರಿತು. ಮೂವತ್ತೈದು... ಮೂವತ್ತಾರು... ಮೂವತ್ತೇಳು...

ಮೂರು ದಿನದ ಬಾಕಿ ನಿದ್ದೆಯೆಲ್ಲ ಒಟ್ಟಿಗೆ ಬಂದು ಅವನನ್ನು ಹೊತ್ತುಕೊಂಡು ಹೋಯಿತು.

ಅರ್ಧ ಗಂಟೆಗೆ ಪಾಳಿಯ ಹೊಸ ನರ್ಸು ಬಂದಳು. ಹಾಸಿಗೆ, ಹಾಸಿಗೆಯ ಮೇಲೆ ಮನುಷ್ಯ. ಆಸ್ಪತ್ರೆಯಲ್ಲಿ ಇದಕ್ಕೆ ರೋಗಿ ಅನ್ನದೆ ಬೇರೆ ಏನನ್ನುತ್ತಾರೆ? ಕತ್ತಿನ ತನಕ ಹೊದಿಕೆ ಎಳೆದು, ಕೈಗೆ ಚೀಟಿ ಕಟ್ಟಿ, ಎಬ್ಬಿಸಿ ನೋಡಿದಳು. ಏಳಲಿಲ್ಲ. ಅಲುಗಾಡಿಸಿದಳು. ಮಂಚ ಅಲುಗಾಡಿತು, ಅವನು ಅಲುಗಾಡಲಿಲ್ಲ. ಓಡಿಹೋಗಿ ಡಾಕ್ಟರನ್ನು ಕರೆತಂದಳು.

ಡಾಕ್ಟರು ಕೆಲಸಕ್ಕೆ ಸೇರಿ ಐದು ದಿನವಾಗಿತ್ತು. ಕಣ್ಣಿಗೆ ಟಾರ್ಚು ಬಿಟ್ಟರು, ಕಿವಿಯಲ್ಲಿ ಕೂಗಿದರು, ಕೊನೆಗೆ ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ಟಕ್ಕೆಂದು ಬಡಿದರು.

ಅತ್ತ ಹಾಸಿಗೆಯಣ್ಣ ಮೋಡದ ಮೇಲೆ ಕೂತು, ಹರಿದ ಮೋಡವೊಂದಕ್ಕೆ ದಬ್ಬಳದಿಂದ ಹೊಲಿಗೆ ಹಾಕುತ್ತಿದ್ದ. ಮೋಡದ ಹೊಟ್ಟೆ ಖಾಲಿ. ತುಂಬಲು ಏನೂ ಇಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು.

"ಹತ್ತಿ ತಂದ್ಯಾ?" ಎಂದ.

ಡಾಕ್ಟರು ಬೆಚ್ಚಿದರು. "ಏನಂದ್ರು?"

"ಹತ್ತಿ," ಎಂದಳು ನರ್ಸು.

ಮತ್ತೊಂದು ಸಲ ಬಡಿದರು.

"ಹತ್ತಿ ಸಾಲಲ್ಲಪ್ಪ... ಆ ಮುದುಕೀಗೆ ಏನ್ ಹೇಳ್ಲಿ..." ಎಂದ ಹಾಸಿಗೆಯಣ್ಣ. ಕಣ್ಣಂಚಿನಿಂದ ಒಂದು ಹನಿ ಜಾರಿತು.

ಡಾಕ್ಟರು ಕಾಗದ ತೆಗೆದರು. ಆ ಕಾಗದದಲ್ಲಿ ನೂರೆಂಟು ಕಾಯಿಲೆಗೆ ಜಾಗವಿತ್ತು, 'ನಿದ್ದೆ' ಎಂದು ಬರೆಯಲು ಮಾತ್ರ ಜಾಗವಿರಲಿಲ್ಲ. ಹಾಗಾಗಿ ಓದಿದವರು ಏನು ಬರೆಯಬೇಕೋ ಅದನ್ನೇ ಬರೆದರು: 'ಪ್ರಜ್ಞೆ ಇಲ್ಲ. ಹತ್ತಿ ಕೇಳುತ್ತಾರೆ. ಕಾರಣ ತಿಳಿಯದು.'

ವರಾಂಡದ ಕಿಟಕಿಯಿಂದ ಇದೆಲ್ಲವನ್ನೂ ಎರಡು ಕಣ್ಣು ನೋಡುತ್ತಿದ್ದವು. ಸೊಂಟದಜ್ಜಿಯ ಎಡಗಣ್ಣು ಮತ್ತು ಸೊಂಟದಜ್ಜಿಯ ಬಲಗಣ್ಣು. ಹಲ್ಲಿ ಹೊಡೆಯಲು ಸ್ಟೂಲು ಹತ್ತಿ ಬಿದ್ದು ಸೊಂಟ ಮುರಿದುಕೊಂಡವಳು ಅವಳು. ಹಲ್ಲಿ ಈಗಲೂ ಆರೋಗ್ಯವಾಗಿದೆ. ಹಾಸಿಗೆಯಣ್ಣ ಬಂದದ್ದು, ಎಣಿಸಿದ್ದು, ಮೂವತ್ತೇಳಕ್ಕೆ ಮುಳುಗಿದ್ದು, ಎಲ್ಲವನ್ನೂ ಅವಳು ಕಂಡಿದ್ದಳು. ಒಂದೇ ಮಾತು ಹೇಳಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಆರು ಮಂಚ ಇನ್ನೂ ಬೋಳಾಗಿರುವುದನ್ನೂ ಅವಳು ಕಂಡಿದ್ದಳು. ಬಾಯಿ ಬಿಡಲಿಲ್ಲ.

ಸುದ್ದಿ ಹೊರಟಿದ್ದು ವಾಚ್‌ಮನ್ ಬಾಯಿಂದ. ಗೇಟಿನಲ್ಲಿ ಅನಾಥವಾಗಿ ನಿಂತ ತಳ್ಳುಗಾಡಿ ನೋಡಿ ವಿಚಾರಿಸಿ, ಮಧ್ಯಾಹ್ನ ಗಡ್ಡ ಬೋಳಿಸಿಕೊಳ್ಳಲು ಹೋದಾಗ, "ಹಾಸಿಗೆಯಣ್ಣ ಯಾಕೋ ಬೆಡ್ ಆರರಲ್ಲಿ ಮಲಗಿದ್ದಾನೆ, ಎಬ್ಬಿಸಿದ್ರೆ ಏಳ್ತಿಲ್ಲ, ಹತ್ತಿ ಹತ್ತಿ ಅಂತಾನೆ," ಎಂದ. ಕಟಿಂಗ್ ಶಾಪಿನಿಂದ ಬೇಕರಿಗೆ ಹೋಗುವಷ್ಟರಲ್ಲಿ ಅದು 'ಬಿದ್ದುಬಿಟ್ಟ' ಆಯಿತು. ಬೇಕರಿಯಿಂದ ಗಡಿಯಾರದ ಅಂಗಡಿಗೆ ಹೋಗುವಷ್ಟರಲ್ಲಿ ಡಾಕ್ಟರು ಕೈಚೆಲ್ಲಿದ್ದರು. ಟೀಚರಮ್ಮನ ಮನೆ ಮುಟ್ಟುವಷ್ಟರಲ್ಲಿ ಹಾಸಿಗೆಯಣ್ಣನಿಗೆ ಒಂದು ಕೊನೆಯ ಆಸೆಯೂ ಹುಟ್ಟಿಕೊಂಡಿತ್ತು.

"ಹತ್ತಿ ಕೇಳ್ತಿದ್ದಾನಂತೆ!" ಎಂದು ಕಟಿಂಗ್ ಶಾಪಿನವನು ಕತ್ತರಿ ಹಿಡಿದೇ ಓಡಿಬಂದ. ಕುರ್ಚಿಯಲ್ಲಿದ್ದ ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲಿ ಅವನ ಹಿಂದೆ. "ಬಾಯಿಗೆ ನೀರಲ್ಲ, ಡಾಕ್ಟರಲ್ಲ, ಹೆಂಡ್ತಿ ಅಲ್ಲ. ಹತ್ತಿ! ಹನ್ನೆರಡು ಹಾಸಿಗೆ ಅಂತ ನಮಗೋಸ್ಕರ ಹೊಲಿದು ಹೊಲಿದೇ ಹೀಗಾಗಿದ್ದು!"

"ನಮಗೋಸ್ಕರನಾ? ನೀನು ಅಲ್ಲಿ ಮಲಗೋನಲ್ಲ ಅಂದಿದ್ದೆ?" ಎಂದಳು ಬೇಕರಿಯವನ ಹೆಂಡತಿ.

"ಈಗ ಅದೆಲ್ಲ ಯಾಕಮ್ಮ! ನಡಿ, ನಿಮ್ಮನೇಲಿ ಹಳೇ ರಜಾಯಿ ಇದ್ಯಲ್ಲ, ತಗೊಂಡ್ ಬಾ!"

ಮೂರು ವಾರ ಬೇಡಿ ಬೇಡಿ ಗುಂಡಿ ಮತ್ತು ಬೀಗದ ಕೈ ಸಿಕ್ಕ ಬೀದಿ ಅದು. ಅಪರಿಚಿತರ ಸೊಂಟಕ್ಕೆ ಕರಗದ ಮನಸ್ಸು, ಸಂಜೆ ತಾವೇ ಎಬ್ಬಿಸಿ ಟೀ ಕುಡಿಸುತ್ತಿದ್ದ ಹಾಸಿಗೆಯಣ್ಣನಿಗೆ ಒಂದೇ ಏಟಿಗೆ ಕರಗಿತು. ದಿಂಬು ಬಂತು, ರಜಾಯಿ ಬಂತು, ತೊಟ್ಟಿಲ ಹಾಸಿಗೆ ಬಂತು. ಗಡಿಯಾರ ರಿಪೇರಿಯವನು ತಾನು ಕೂರುವ ಮೆತ್ತೆಯನ್ನೇ ಎತ್ತಿಕೊಂಡು ಬಂದ. ಬಟ್ಟೆ ಅಂಗಡಿಯವನು ಇಡೀ ಒಂದು ಥಾನು ಬಟ್ಟೆ ಹೊತ್ತು ತಂದ. ಟೀಚರಮ್ಮನ ಡಬ್ಬಿಗೆ ಸೀಳು ಸಾಲದೆ ಮುಚ್ಚಳವನ್ನೇ ತೆಗೆದಿಟ್ಟರು.

ಹೆಂಡತಿ ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಬಚ್ಚಲಿನ ಸ್ಲಿಪ್ಪರು ಹಾಕಿಕೊಂಡು ಓಡಿಬಂದಳು. ಹೊದಿಕೆಯ ಒಳಗೆ ಕೈ ಹಾಕಿ ಗಂಡನ ಕಾಲಿನ ಹೆಬ್ಬೆರಳು ಹಿಡಿದಳು. ಹೆಬ್ಬೆರಳು ಎರಡು ಸಲ ಮೇಲಕ್ಕೆ ಕೆಳಕ್ಕೆ ಆಡಿತು. ಇಪ್ಪತ್ತೆರಡು ವರ್ಷದ ಸಂಸಾರ. ಆ ಹೆಬ್ಬೆರಳಿನ ಭಾಷೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅಯ್ಯೋ ಇವ್ರ ಮನೆ ಹಾಳಾಗ, ಇದು ಬರೀ..." ಎಂದು ಬಾಯಿ ತೆರೆದಳು.

"ಅಳು ಮಗಳೇ, ಅಳು," ಎಂದಿತು ಕಿಟಕಿಯ ಆಚೆಯಿಂದ ಒಂದು ದನಿ. ಅಜ್ಜಿಯ ಮುಖ ಕಿಟಕಿಯ ಸರಳಿಗೆ ಅಂಟಿಕೊಂಡಿತ್ತು. "ಎಷ್ಟು ಅಳ್ತೀಯೋ ಅಷ್ಟು ಹತ್ತಿ ಬರತ್ತೆ. ಇನ್ನೂ ಎರಡು ಹಾಸಿಗೆಗೆ ಕಡಿಮೆ ಇದೆ."

ಹೆಂಡತಿ ಅಜ್ಜಿಯನ್ನು ನೋಡಿದಳು. ಬೋಳು ಮಂಚಗಳನ್ನು ನೋಡಿದಳು. ಬಾಗಿಲಲ್ಲಿ ಬೆಳೆಯುತ್ತಿದ್ದ ದಿಂಬಿನ ರಾಶಿಯನ್ನು ನೋಡಿದಳು. ಆಮೇಲೆ ಕರವಸ್ತ್ರವನ್ನು ಬಾಯಿಗೊತ್ತಿಕೊಂಡಳು. ಭುಜಗಳು ಗಡಗಡ ಅಲುಗಿದವು. ನೋಡಿದವರೆಲ್ಲ, "ಪಾಪ, ಎಷ್ಟು ದುಃಖ," ಅಂದರು. ಅಲುಗಿದ್ದು ಯಾತಕ್ಕೆ ಅಂತ ಅಜ್ಜಿಗೆ ಮಾತ್ರ ಗೊತ್ತು.

ಒಬ್ಬೊಬ್ಬರಾಗಿ ಬಂದು ಹಾಸಿಗೆಯಣ್ಣನ ತಲೆಯ ಹತ್ತಿರ ಕೂತರು. ಹೋಗುವವನ ಮುಂದೆ ಮನಸ್ಸು ಹಗುರ ಮಾಡಿಕೊಳ್ಳುವುದು ಮನುಷ್ಯರ ಸ್ವಭಾವ. ಮೋಡದ ಮೇಲೆ ಕೂತಿದ್ದ ಹಾಸಿಗೆಯಣ್ಣನಿಗೆ ಅದೆಲ್ಲ ಕೇಳುತ್ತಿತ್ತು. ಕತ್ತರಿಯಂಥ ಕೊಕ್ಕಿನ ದೊಡ್ಡ ಬಿಳಿ ಹಕ್ಕಿಯೊಂದು ಪಕ್ಕದಲ್ಲಿ ಬಂದು ಕೂತು, ಕಟಿಂಗ್ ಶಾಪಿನವನ ದನಿಯಲ್ಲಿ ಬಿಕ್ಕಿತು.

"ಅಣ್ಣಾ, ನಿನ್ನ ಮೀಸೆ ಎಡಗಡೆ ಗಿಡ್ಡ ಇರೋದು ಕನ್ನಡಿ ತಪ್ಪು ಅಂತ ಎಂಟು ವರ್ಷ ಹೇಳ್ದೆ. ಕನ್ನಡಿ ಸರಿಯಾಗೇ ಇದೆ ಅಣ್ಣಾ. ನನ್ನ ಕೈಯೇ ಡೊಂಕು."

ಹಕ್ಕಿ ಹಾರಿಹೋಯಿತು. ಕನ್ನಡಕ ಹಾಕಿದ ಚಂದ್ರ ಬಂದು ಟೀಚರಮ್ಮನ ದನಿಯಲ್ಲಿ ಹೇಳಿದ. "ನಾಲ್ಕನೇ ಕ್ಲಾಸಲ್ಲಿ ನೀನು ಪಾಸಾಗಿದ್ದೆ ಕಣೋ. ನಿನ್ನ ಗೊರಕೆಗೆ ನನ್ನ ಪಾಠ ನಂಗೇ ಕೇಳ್ತಿರ್ಲಿಲ್ಲ. ಸಿಟ್ಟಿಗೆ ಫೇಲ್ ಮಾಡಿದ್ದೆ."

"ಇರ್ಲಿ ಬಿಡಿ ಟೀಚರ್," ಎಂದ ಹಾಸಿಗೆಯಣ್ಣ ನಿದ್ದೆಯಲ್ಲೇ. "ಹತ್ತಿ ತಂದ್ರಾ?"

ಟೀಚರಮ್ಮ ಗೊಳೋ ಎಂದು ಅತ್ತು, ಮನೆಗೆ ಹೋಗಿ ತಮ್ಮ ಹಾಸಿಗೆಯನ್ನೇ ಹೊರಿಸಿಕೊಂಡು ಬಂದರು.

ಭಾನುವಾರ ಬೆಳಗ್ಗೆ ಹಾಸಿಗೆಯಣ್ಣ ಕಣ್ಣು ಬಿಟ್ಟ. ಸುತ್ತಲೂ ಹತ್ತಿ. ಹೆಂಡತಿ ಬೆಳಗಿನ ಜಾವವೇ ಅಂಗಡಿಯಿಂದ ಬಿಲ್ಲು, ದಬ್ಬಳ, ದಾರ ತಂದು, ದಿಂಬುಗಳನ್ನೆಲ್ಲ ಬಿಚ್ಚಿ ರಾಶಿ ಹಾಕಿದ್ದಳು. ಬಿಸಿಲಲ್ಲಿ ಹತ್ತಿಯ ಎಳೆಗಳು ಹಿಮದಂತೆ ತೇಲುತ್ತಿದ್ದವು. ರಾಶಿ ಕಿಟಕಿಯ ಎತ್ತರಕ್ಕಿತ್ತು. ಅದರ ತುದಿಯಾಚೆ ಒಬ್ಬಳು ಮುದುಕಿ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದಳು.

"ಇದೆಲ್ಲ ಎಲ್ಲಿಂದ ಬಂತೇ?"

"ನೀವು ಕನಸಲ್ಲಿ ಕೇಳಿದ್ರಿ, ಬಂತು," ಎಂದಳು ಹೆಂಡತಿ, ದಬ್ಬಳಕ್ಕೆ ದಾರ ಪೋಣಿಸುತ್ತ. "ಜಾಸ್ತಿ ಮಾತಾಡ್ಬೇಡಿ. ಹೊಲೀರಿ."

ಅವನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಜೀವನದ ಮುಕ್ಕಾಲು ಪಾಲು ಕನಸಿನಲ್ಲೇ ಕಳೆದವನಿಗೆ, ಅಲ್ಲಿ ಕೇಳಿದ್ದು ಇಲ್ಲಿ ಬರುವುದು ತಡವಾಯಿತು ಅಂತಲೇ ಅನ್ನಿಸಿತು. ಬಿಲ್ಲಿನ ದಾರ ಮಿಡಿದ. ಟುಂಯ್ ಟುಂಯ್ ಅಂತ ಹತ್ತಿ ಅರಳಿತು.

ಡಾಕ್ಟರು ಬಂದು, ತಮ್ಮ ರೋಗಿ ಎದ್ದು ಕೂತದ್ದು ಕಂಡು ಹಿಗ್ಗಿ, ಕಾಗದದಲ್ಲಿ 'ಹತ್ತಿಯಿಂದ ಗುಣವಾಯಿತು' ಎಂದು ಬರೆದರು. ಆದರೆ ಮನೆಗೆ ಕಳಿಸುವಂತಿರಲಿಲ್ಲ. ಸೇರಿಸಿಕೊಂಡ ಕಾಗದವೇ ಇಲ್ಲದವನನ್ನು ಬಿಡುವ ಕಾಗದ ಎಲ್ಲಿಂದ ಬರಬೇಕು? ಸೋಮವಾರ ದೊಡ್ಡ ಸಿಸ್ಟರ್ ಬರುವ ತನಕ ಇಲ್ಲೇ ಇರಬೇಕು, ಹೆಂಡತಿಯನ್ನು ಬಿಟ್ಟು ಯಾರೂ ನೋಡಲು ಬರಬಾರದು ಎಂದು ಅಪ್ಪಣೆಯಾಯಿತು. ಹಾಸಿಗೆಯಣ್ಣನಿಗೆ ಬೇಕಾಗಿದ್ದೂ ಅದೇ. ಅಜ್ಜಿ ಕಿಟಕಿಯಿಂದ, "ಆ ಮೂಲೆ ತೆಳ್ಳಗಾಯ್ತು, ಅಲ್ಲಿ ನನ್ನ ಸೊಂಟ ಬರತ್ತೆ," ಎಂದು ಮೇಸ್ತ್ರಿಗಿರಿ ಮಾಡಿದಳು. ಸೋಮವಾರ ಹತ್ತು ಗಂಟೆಗೆ ಕೊನೆಯ ಗಂಟು ಬಿತ್ತು. ಹನ್ನೆರಡೂ ಸಿದ್ಧ.

ಹತ್ತೂ ಕಾಲಿಗೆ ಬೀದಿಯವರು ಬಂದರು. ಮುಖವೆಲ್ಲ ಬಾಡಿಸಿಕೊಂಡು, ಸಾಲಾಗಿ, ಕೊನೆಯ ಸಲ ನೋಡಿ ಹೋಗೋಣವೆಂದು. ಬಾಗಿಲು ತೆರೆದರೆ ಹಾಸಿಗೆಯಣ್ಣ ಮಂಚದ ಮೇಲೆ ಕೂತು ಬ್ರೆಡ್ಡಿಗೆ ಜಾಮ್ ಸವರುತ್ತಿದ್ದ.

"ಸತ್ತಿಲ್ವಾ?" ಎಂದ ಕಟಿಂಗ್ ಶಾಪಿನವನು. ಕೇಳಿದ ಧಾಟಿ, ಕೊಟ್ಟ ಮಾತಿಗೆ ತಪ್ಪಿದವನನ್ನು ಕೇಳಿದಂತಿತ್ತು.

"ಯಾರು?" ಎಂದ ಹಾಸಿಗೆಯಣ್ಣ.

"ನೀನು!"

"ನಾನ್ಯಾಕೆ ಸಾಯ್ಲಿ? ನಿದ್ದೆ ಬಂದಿತ್ತು."

ಒಮ್ಮೆಲೇ ಎಲ್ಲರ ಬಾಯಿ ತೆರೆಯಿತು.

"ನನ್ನ ದಿಂಬು!"

"ನಮ್ಮ ರಜಾಯಿ!"

"ಎರಡು ರಾತ್ರಿ ಬರೀ ಹಲಗೆ ಮೇಲೆ ಮಲಗಿದ್ದೀನಿ ಕಣೋ, ಈ ವಯಸ್ಸಲ್ಲಿ!" ಎಂದರು ಟೀಚರಮ್ಮ.

"ಮೀಸೆ ವಿಷ್ಯ ಬೇರೆ ಹೇಳ್ಬಿಟ್ನಲ್ಲಪ್ಪ!" ಎಂದು ಕಟಿಂಗ್ ಶಾಪಿನವನು ತಲೆ ಚಚ್ಚಿಕೊಂಡ.

ಹಾಸಿಗೆಯಣ್ಣನ ಕೈ ಮೀಸೆಯ ಎಡಗಡೆಗೆ ಹೋಯಿತು. ಹಕ್ಕಿ ಹೇಳಿದ್ದು ನಿಜ. ಹಾಗಾದರೆ ಹತ್ತಿ ಮೋಡದಿಂದ ಬಂದದ್ದಲ್ಲ. ಅವನ ಮುಖ ಬಿಳುಚಿಕೊಂಡಿತು. ಹೆಂಡತಿಯ ಕಡೆ ನೋಡಿದ. ಅವಳು ತುರ್ತಾಗಿ ಕಿಟಕಿಯ ಸರಳು ಎಣಿಸುತ್ತಿದ್ದಳು.

ಅಷ್ಟು ಹೊತ್ತಿಗೆ ದೊಡ್ಡ ಸಿಸ್ಟರ್ ಏದುಸಿರು ಬಿಡುತ್ತ ಬಂದರು. "ಸಾಹೇಬ್ರು ಆಫೀಸಲ್ಲಿ ಟೀ ಕುಡೀತಿದ್ದಾರೆ! ಇಲ್ಲಿಗೇ ಬರ್ತಾರೆ! ಏನಿದು ಗಲಾಟೆ?"

ಹಾಸಿಗೆಯಣ್ಣ ಕತ್ತರಿ ಎತ್ತಿಕೊಂಡ. "ಸಿಸ್ಟರ್, ನಾನು ಅವತ್ತು ಹನ್ನೆರಡೂ ನಂದೇ ಅಂದಿದ್ದು ನಿದ್ದೆಗಣ್ಣಲ್ಲಿ. ನನ್ನ ಹತ್ರ ಇದ್ದಿದ್ದು ಆರೇ. ಇದು ಇವರದು. ನಾನು ಸಾಯ್ತೀನಿ ಅಂತ ಕೊಟ್ಟಿದ್ದು, ಸಾಯ್ದೆ ಇಟ್ಕೊಳ್ಳೋದು ಸರಿಯಲ್ಲ. ಬಿಚ್ಚಿ ಕೊಡ್ತೀನಿ." ಎಂದು ಹೊಸ ಹಾಸಿಗೆಯ ಅಂಚಿಗೆ ಕತ್ತರಿ ಇಟ್ಟ.

ಸಿಸ್ಟರ್ ಗೋಡೆಗೆ ಒರಗಿದರು. ವರಾಂಡದಲ್ಲಿ ಬೆಂಚುಗಳು ಕಿರುಗುಟ್ಟಿದವು.

"ತಡಿಯಪ್ಪ," ಎಂದಳು ಅಜ್ಜಿ, ಕಿಟಕಿಯಿಂದ. "ಎಲ್ಲ ಕಲಸಿ ಎಕ್ಕಿದ್ದೀಯ. ಯಾರ ಹತ್ತಿ ಯಾವುದರಲ್ಲಿದೆ ಅಂತ ನಿನಗಾದ್ರೂ ಗೊತ್ತಾ? ಇವನ ದಿಂಬು ಅವನಿಗೆ ಹೋದ್ರೆ ನಾಳೆ ಬೀದೀಲಿ ಹೊಡೆದಾಟ."

"ಹೌದಲ್ವಾ," ಎಂದ ಹಾಸಿಗೆಯಣ್ಣ. "ಈಗೇನ್ ಮಾಡೋದು ಅಜ್ಜಿ?"

"ಹದಿನೈದು ವರ್ಷ ತಲೆ ಇಟ್ಟು ಮಲಗಿದ ದಿಂಬು, ತಲೆಗೆ ಗುರುತು ಸಿಗಲ್ವಾ? ಒಬ್ಬೊಬ್ರು ಒಂದೊಂದರ ಮೇಲೆ ಮಲಗಿ ನೋಡ್ಲಿ. ನನ್ನದು ಇದು ಅಂತ ಯಾರಿಗೆ ಅನ್ಸತ್ತೋ, ಬಿಚ್ಚಿ ಕೊಡು."

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಾತು ನ್ಯಾಯವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಎರಡು ರಾತ್ರಿಯಿಂದ ಯಾರಿಗೂ ದಿಂಬಿರಲಿಲ್ಲ.

ಕಟಿಂಗ್ ಶಾಪಿನವನು ಹಲ್ಲು ಕಚ್ಚಿಕೊಂಡು ಒಂದರ ಮೇಲೆ ಮಲಗಿದ. ಗಡಿಯಾರ ರಿಪೇರಿಯವನು ಇನ್ನೊಂದರ ಮೇಲೆ. ಬೇಕರಿಯವನು, ಅವನ ಹೆಂಡತಿ, ಬಟ್ಟೆ ಅಂಗಡಿಯವನು, ಅರ್ಧ ಗಡ್ಡದ ಗಿರಾಕಿ. ಅವನ ಗಡ್ಡ ಇನ್ನೂ ಅರ್ಧವೇ ಇತ್ತು. ಬೀದಿಯ ಇನ್ನೂ ನಾಲ್ವರು ಉಳಿದವುಗಳ ಮೇಲೆ. ಟೀಚರಮ್ಮ ಕನ್ನಡಕ ತೆಗೆದಿಟ್ಟು, "ನಾನು ಪರೀಕ್ಷೆ ಮಾಡ್ತಿದ್ದೀನಿ, ನಿದ್ದೆಯಲ್ಲ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒರಗಿದರು.

"ಎಣಿಸಿ," ಎಂದ ಹಾಸಿಗೆಯಣ್ಣ. "ನೂರರ ತನಕ. ಅದೇ ಪದ್ಧತಿ."

ಬಿಳಿ ಪರದೆಗಳು ಹೊಟ್ಟೆ ಉಬ್ಬಿಸಿ ಉಸಿರು ಬಿಟ್ಟವು. ನಲ್ಲಿ ತೊಟ್ಟಿಕ್ಕಿತು. ಹನ್ನೊಂದು ಕಂಠಗಳು ಒಟ್ಟಿಗೆ ಎಣಿಸಿದವು. ಇಪ್ಪತ್ತಕ್ಕೆ ಏಳಾದವು, ಮೂವತ್ತಕ್ಕೆ ಮೂರು. ಮೂವತ್ತೈದಕ್ಕೆ ಉಳಿದದ್ದು ಕಟಿಂಗ್ ಶಾಪಿನವನ ದನಿಯೊಂದೇ. "ಇದರಲ್ಲೇ... ಇದೆ... ನನ್ನ..." ಎಂದು ಅದೂ ನಿಂತಿತು.

ಹಾಸಿಗೆಯಣ್ಣ ಸುತ್ತಲೂ ನೋಡಿದ. ಉಳಿದದ್ದು ಕಿಟಕಿಯ ಪಕ್ಕದ ಆರನೆಯದು. ಅವತ್ತು ಮೂವತ್ತೇಳಕ್ಕೆ ನಿಂತದ್ದು ನೆನಪಾಯಿತು. ಕೆಲಸ ಅರ್ಧಕ್ಕೆ ಬಿಡುವವನಲ್ಲ. ಕತ್ತರಿಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ. ಮೂವತ್ತೆಂಟು, ಎಂದ. ಮೂವತ್ತೊಂಬತ್ತು ಎಂದದ್ದನ್ನು ಯಾರೂ ಕೇಳಲಿಲ್ಲ.

ಸಾಹೇಬರು ಒಳಗೆ ಬಂದಾಗ ಕಂಡದ್ದು ಹನ್ನೆರಡು ಮಂಚ, ಹನ್ನೆರಡು ಹಾಸಿಗೆ, ಹನ್ನೆರಡು ಜನ. ಹೊಸ ಡಾಕ್ಟರು ಗಾಬರಿಯಿಂದ ಒಬ್ಬೊಬ್ಬರ ಮೊಣಕಾಲಿಗೂ ಟಕ್ ಟಕ್ ಬಡಿಯುತ್ತ, ಎಲ್ಲರ ಕಾಗದದಲ್ಲೂ 'ಪ್ರಜ್ಞೆ ಇಲ್ಲ' ಎಂದು ಬರೆಯುತ್ತಿದ್ದರು. ಹೊರಗಿನ ವರಾಂಡದಲ್ಲಿ ಬೆಂಚಿನ ತುಂಬ ಬೇರೆ ಜನ.

"ಹನ್ನೆರಡೂ ಭರ್ತಿ?" ಸಾಹೇಬರ ಹುಬ್ಬು ಏರಿತು. "ಜಾಗ ಸಾಲದೆ ಹೊರಗೂ ಇಷ್ಟು ಜನ? ಈ ವಾರ್ಡಿಗೆ ರೋಗಿಗಳೇ ಬರಲ್ಲ ಅಂತ ನಮಗೆ ವರದಿ ಇತ್ತು!"

ದೊಡ್ಡ ಸಿಸ್ಟರ್ ಹೊದಿಕೆಯೊಂದನ್ನು ಎಳೆದು ಅರ್ಧ ಗಡ್ಡವನ್ನು ಮುಚ್ಚಿದರು.

"ಏನು ಕಾಯಿಲೆ ಇವರಿಗೆ? ಎಲ್ಲರಿಗೂ ಒಂದೇ ಥರ?"

"ಒಂದೇ ಕಾಯಿಲೆ ಸ್ವಾಮಿ," ಎಂದಳು ಅಜ್ಜಿ ಕಿಟಕಿಯಿಂದ. "ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದಿದ್ರು. ಇಲ್ಲಿ ಬಂದ ಮೇಲೆ ವಾಸಿಯಾಯ್ತು."

ಸಾಹೇಬರಿಗೆ ಅರ್ಥವಾಗಲಿಲ್ಲ, ಆದರೆ ಮೇಲಧಿಕಾರಿಗಳು ಅರ್ಥವಾಗಲಿಲ್ಲ ಎಂದು ಹೇಳುವುದಿಲ್ಲ. ಗಂಭೀರವಾಗಿ ತಲೆಯಾಡಿಸಿ, ಫೈಲು ಬಿಚ್ಚಿ, ಪೆನ್ನು ತೆಗೆದರು. 'ವಾರ್ಡು ಇಲ್ಲೇ ಮುಂದುವರಿಯತಕ್ಕದ್ದು' ಎಂದು ಬರೆದರು. ರುಜು ಮಾಡಲು ಕೂರೋಣವೆಂದರೆ ಕುರ್ಚಿಯಿರಲಿಲ್ಲ. ಹಾಸಿಗೆಯಣ್ಣನ ಕಾಲ ಬುಡದಲ್ಲಿ, ಹಾಸಿಗೆಯ ಅಂಚಿಗೆ, ಒಂದೇ ಒಂದು ನಿಮಿಷಕ್ಕೆ ಕೂತರು.

ಪರದೆ ಬಂದು ಅವರ ಕೆನ್ನೆ ಸವರಿತು.

ಸ್ವಲ್ಪ ಹೊತ್ತಿನ ಮೇಲೆ ಕಟಿಂಗ್ ಶಾಪಿನವನಿಗೆ ಎಚ್ಚರವಾಯಿತು. ಮಂಚದ ಪಕ್ಕದಲ್ಲಿ ಅಜ್ಜಿ, ಒಂದು ಕಡೆ ಹಾಸಿಗೆಯಣ್ಣನ ಹೆಂಡತಿಯ ಹೆಗಲು, ಇನ್ನೊಂದು ಕಡೆ ಕೋಲು ಊರಿಕೊಂಡು ನಿಂತಿದ್ದಳು. ಏಳು ಅನ್ನಲಿಲ್ಲ.

ಅವನು ಹಾಸಿಗೆಯನ್ನು ಒಮ್ಮೆ ಒತ್ತಿ ನೋಡಿದ. "ನನ್ನ ದಿಂಬು ಇದರಲ್ಲೇ ಇದೆ ಅಜ್ಜಿ. ಅನುಮಾನವೇ ಇಲ್ಲ."

"ಹಾಗಾದ್ರೆ ಬಿಚ್ಚಿಸ್ಕೋ."

ಅವನು ಎದ್ದು, ಹೊದಿಕೆ ಕೊಡವಿ ಸರಿಮಾಡಿದ. "ಇರ್ಲಿ ಬಿಡಿ. ನೀವು ಮಲ್ಕೊಳ್ಳಿ. ಎಡಗಡೆ ತಿರುಗಿ ಮಲ್ಕೊಳ್ಳಿ, ಅದು ಎಡಗಡೇಗೇ ಚೆನ್ನ."

ಅಜ್ಜಿ ಎಡಗಡೆಗೆ ತಿರುಗಿ ಮಲಗಿದಳು. ಎಣಿಸಲಿಲ್ಲ. ಎಣಿಸುವುದನ್ನು ಅವಳು ಬೆಂಚಿನ ಮೇಲೇ ಬಿಟ್ಟು ಬಂದಿದ್ದಳು.

ಸಾಹೇಬರು ಬರೆದ ಆ ಕಾಗದವನ್ನು ವಾರ್ಡಿನ ಬಾಗಿಲ ಮೇಲೆ ಗಾಜು ಹಾಕಿಸಿ ತೂಗುಬಿಟ್ಟಿದ್ದಾರೆ. ರುಜುವಿನ ಮೊದಲ ಎರಡು ಅಕ್ಷರ ಖಡಕ್ಕಾಗಿವೆ. ಮೂರನೆಯದು ಸ್ವಲ್ಪ ವಾಲಿದೆ. ಅಲ್ಲಿಂದ ಮುಂದೆ ಅಕ್ಷರವಿಲ್ಲ. ಒಂದು ನೀಲಿ ಗೆರೆ ಮೆಲ್ಲಗೆ, ಯಾವ ಅವಸರವೂ ಇಲ್ಲದೆ, ಕಾಗದದ ಅಂಚಿನ ತನಕ ಇಳಿದು, ಅಲ್ಲಿಂದ ಎತ್ತಲೋ ಹೋಗಿದೆ.